ಎಕರೆಗೆ ಎಷ್ಟು ಜನರ ಊಟ?

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಹದಿಮೂರು ಹಳ್ಳಿಗಳ 1,777 ಎಕರೆ ಜಮೀನಿನ ಸ್ವಾಧೀನವನ್ನು ಕೈಬಿಟ್ಟಿದ್ದೇವೆ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಕಟಿಸಿದ್ದು 2025ರ ಜುಲೈ 15ರಂದು. ರಕ್ಷಣಾ ಮತ್ತು ವೈಮಾನಿಕ ಉದ್ಯಮಗಳ ಪಾರ್ಕಿಗೆಂದು ಗುರುತಿಸಿದ್ದ ಜಮೀನದು. ಅದನ್ನು ಉಳಿಸಿಕೊಳ್ಳಲು ರೈತರು 2022ರ ಏಪ್ರಿಲ್‌ನಿಂದ ಧರಣಿ ಕೂತಿದ್ದರು. ಪ್ರಕಟಣೆ ಹೊರಬಿದ್ದದ್ದೇ ತಡ, ನೆರೆಯ ಆಂಧ್ರಪ್ರದೇಶದ ಸಚಿವ ನಾರಾ ಲೋಕೇಶ್ 'ನಮ್ಮಲ್ಲಿಗೆ ಬನ್ನಿ, ಬೆಂಗಳೂರಿನ ಹೊರಗೇ ಜಮೀನು ಸಿದ್ಧವಿದೆ' ಎಂಬ ಧಾಟಿಯಲ್ಲಿ ಉದ್ಯಮಿಗಳನ್ನು ಕರೆದರು. ಆಮೇಲಿನ ಚರ್ಚೆಯೆಲ್ಲ ಬಂಡವಾಳದ್ದು. ಎಷ್ಟು ಕೋಟಿ ಹೂಡಿಕೆ ಕೈತಪ್ಪಿತು, ಎಷ್ಟು ಉದ್ಯೋಗ ಗಡಿ ದಾಟಿತು, ಸರ್ಕಾರ ಬಗ್ಗಿದ್ದು ಸರಿಯೇ ತಪ್ಪೇ? ಆ ಜಮೀನು ಎಷ್ಟು ಜನಕ್ಕೆ ಅನ್ನ ಹಾಕುತ್ತಿತ್ತು ಎಂಬ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಲೆಕ್ಕ ಕಷ್ಟದ್ದಲ್ಲ. ಮಳೆ ಚೆನ್ನಾಗಿ ಬಿದ್ದ ವರ್ಷ ಖುಷ್ಕಿ ಹೊಲದಲ್ಲಿ ಎಕರೆಗೆ ಎಂಟು ಕ್ವಿಂಟಲ್ ರಾಗಿ ಎಂದಿಟ್ಟುಕೊಳ್ಳಿ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಒಬ್ಬ ಫಲಾನುಭವಿಗೆ ತಿಂಗಳಿಗೆ ಐದು ಕೆಜಿ ಧಾನ್ಯ ಕೊಡುತ್ತದೆ, ಅಂದರೆ ವರ್ಷಕ್ಕೆ ಅರವತ್ತು ಕೆಜಿ. 1,777 ಎಕರೆಯಲ್ಲೂ ಬರಿಯ ರಾಗಿ ಹಾಕಿದರೆ ಸುಮಾರು 23,700 ಜನರ ವರ್ಷದ ಪಡಿತರ ಅಲ್ಲೇ ಬೆಳೆಯುತ್ತದೆ. ಒಂದು ಕೋಟಿ ಮೀರಿದ ಬೆಂಗಳೂರಿನ ಮುಂದೆ ಇದು ಎಷ್ಟರದು ಎಂದು ಮೂಗು ಮುರಿಯಬಹುದು. ಮುರಿಯುವವರ ವಾದದಲ್ಲೂ ಹುರುಳಿದೆ. ಅದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳೋಣ.

ದೇಶದಲ್ಲಿ ಬಿತ್ತನೆಯಾಗುವ ನಿವ್ವಳ ಭೂಮಿ ಸುಮಾರು 14 ಕೋಟಿ ಹೆಕ್ಟೇರ್. 1970ರ ದಶಕದಿಂದ ಈಚೆಗೆ ಈ ಅಂಕಿ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಆದರೆ 1970-71ರಲ್ಲಿ ಸುಮಾರು 10.8 ಕೋಟಿ ಟನ್ ಇದ್ದ ಆಹಾರ ಧಾನ್ಯದ ಉತ್ಪಾದನೆ 2024-25ರಲ್ಲಿ 35 ಕೋಟಿ ಟನ್ ದಾಟಿತು. ಅಷ್ಟೇ ಭೂಮಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ಧಾನ್ಯ. ಜಗತ್ತಿನ ಅಕ್ಕಿ ರಫ್ತಿನಲ್ಲಿ ನಾವೇ ಮುಂದು. ಆಹಾರ ನಿಗಮದ ಗೋದಾಮುಗಳಲ್ಲಿ ಜಾಗ ಸಾಲದೆಂಬ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತದೆ. ಹೀಗಿರುವಾಗ ಎರಡು ಸಾವಿರ ಎಕರೆ ಹೋದರೆ ಯಾರ ತಟ್ಟೆ ಬರಿದಾಗುತ್ತದೆ? ಕೈಗಾರಿಕೆ ಬಂದರೆ ಸಂಬಳ ಬರುತ್ತದೆ, ಸಂಬಳ ಬಂದರೆ ಅಂಗಡಿಯಲ್ಲಿ ಅಕ್ಕಿ ಸಿಗುತ್ತದೆ. ವಿಧಾನಸೌಧದ ಮಹಡಿಗಳಲ್ಲಿ ಕೇಳಿಬರುವ ವಾದ ಇದೇ.

ಈ ವಾದದ ಕೊನೆಯ ಕೊಂಡಿಯನ್ನು ಕರ್ನಾಟಕ 2023ರಲ್ಲಿ ಎಳೆದು ನೋಡಿತು. ಅನ್ನಭಾಗ್ಯದಡಿ ತಲೆಗೆ ಇನ್ನೂ ಐದು ಕೆಜಿ ಅಕ್ಕಿ ಕೊಡುವ ಭರವಸೆ ಕೊಟ್ಟು ಅಧಿಕಾರಕ್ಕೆ ಬಂದ ಸರ್ಕಾರ ಅಕ್ಕಿ ಕೊಳ್ಳಲು ಹಣ ಹಿಡಿದು ಹೊರಟಿತು. ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಧಾನ್ಯ ಮಾರುವುದನ್ನು ಕೇಂದ್ರ ಅದೇ ಜೂನ್‌ನಲ್ಲಿ ನಿಲ್ಲಿಸಿತು. ಬೇರೆ ರಾಜ್ಯಗಳ ಬಾಗಿಲು ತಟ್ಟಿದ್ದಾಯಿತು. ಬೇಕಾದಷ್ಟು ಅಕ್ಕಿ, ಬೇಕಾದ ದರಕ್ಕೆ ಹೊಂದಿಬರಲಿಲ್ಲ. ಕೊನೆಗೆ ಜುಲೈನಿಂದ ಅಕ್ಕಿಯ ಬದಲು ಕೆಜಿಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕಿದರು. ಅಕ್ಕಿಯನ್ನೇ ಕೊಡಲು ಸಾಧ್ಯವಾದದ್ದು 2025ರ ಫೆಬ್ರವರಿಯಲ್ಲಿ. ಇದರಲ್ಲಿ ಕೇಂದ್ರದ್ದೆಷ್ಟು ತಪ್ಪು, ರಾಜ್ಯದ್ದೆಷ್ಟು ಎಂದು ಪಕ್ಷಗಳು ಕಿತ್ತಾಡಿಕೊಂಡವು. ನನಗೆ ಮುಖ್ಯವೆನಿಸುವುದು ಬೇರೆ. ಖಜಾನೆಯಲ್ಲಿ ದುಡ್ಡಿದ್ದ ಒಂದು ರಾಜ್ಯ ಸರ್ಕಾರಕ್ಕೇ ಒಂದೂವರೆ ವರ್ಷ ಅಕ್ಕಿ ದಕ್ಕಲಿಲ್ಲ. ಅದೇ 2023ರ ಜುಲೈನಲ್ಲಿ ದೇಶ ಬಾಸ್ಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಅದಕ್ಕೂ ಹಿಂದಿನ ವರ್ಷ ಗೋಧಿಯದನ್ನು. ಗೋದಾಮು ತುಂಬಿದೆ ಎಂಬ ನಿಶ್ಚಿಂತೆ ಒಂದು ಮುಂಗಾರು ಕೈಕೊಡುವವರೆಗೆ ಮಾತ್ರ.

ಇನ್ನು ಗೋದಾಮಿನಲ್ಲಿ ಇರುವುದಾದರೂ ಏನು? ಅಕ್ಕಿ ಮತ್ತು ಗೋಧಿ. ಟೊಮೆಟೊ ಇಲ್ಲ, ಸೊಪ್ಪಿಲ್ಲ, ಹಾಲಿಲ್ಲ. ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ. ಬೇಳೆಕಾಳೂ ಹೊರಗಿನಿಂದ ತರಿಸಬೇಕಾದ ಸ್ಥಿತಿಯಲ್ಲೇ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ, ಶೇ 65ರಷ್ಟು ಮಕ್ಕಳಿಗೆ ರಕ್ತಹೀನತೆ. ಇವು ಅಕ್ಕಿಯಿಲ್ಲದ ಮನೆಗಳ ಅಂಕಿಗಳಲ್ಲ. ಅಕ್ಕಿಯ ಪಕ್ಕದಲ್ಲಿ ತಟ್ಟೆಗೆ ಬೇರೇನೂ ಬೀಳದ ಮನೆಗಳ ಅಂಕಿಗಳು. ಆ 'ಬೇರೇನೋ' ಬೆಳೆಯುತ್ತಿದ್ದದ್ದು ಎಲ್ಲಿ ಎಂದು ಹುಡುಕಿದರೆ ಮತ್ತೆ ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿಗೇ ಬರಬೇಕು.

ಅಕ್ಕಡಿ ಸಾಲು

ಬಯಲುಸೀಮೆಯ ರಾಗಿ ಹೊಲವನ್ನು ಎಕರೆಗಿಷ್ಟು ಕ್ವಿಂಟಲ್ ಎಂದು ತೂಗಿದ ಕೂಡಲೇ ಅರ್ಧ ಲೆಕ್ಕ ಬಿಟ್ಟುಹೋಗುತ್ತದೆ. ಹಳೆಯ ಕ್ರಮದಲ್ಲಿ ಕೆಲವು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಬದುವಿನ ಮೇಲೆ ಹರಳು, ಅಲ್ಲಲ್ಲಿ ಸಾಸಿವೆ. ರಾಗಿ ಕೊಯ್ದ ಮೇಲೂ ಅವರೆ ನಿಂತಿರುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಸೊಗಡಿನ ಅವರೆಕಾಯಿ ಬೆಂಗಳೂರಿಗೆ ಬರುವುದು ಹೀಗೆ. ಹಿಟ್ಟು, ಬೇಳೆ, ಎಣ್ಣೆ, ಒಗ್ಗರಣೆ ಒಂದೇ ಹೊಲದಿಂದ. ಮಳೆ ಒಂದಕ್ಕೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯುತ್ತಿತ್ತು. ಕಾಳು ಮನೆಗೆ, ಹುಲ್ಲು ಮೆದೆಗೆ. ಮೆದೆಯ ರಾಗಿ ಹುಲ್ಲು ಹಸುವಿಗೆ, ಹಸುವಿನ ಹಾಲು ಬೆಳಗ್ಗೆ ಡೇರಿಗೆ. ಬೆಂಗಳೂರಿನ ನೀಲಿ ಪೊಟ್ಟಣದ ಹಾಲಿನ ಹಿಂದೆ ಈ ಹುಲ್ಲಿದೆ. ಹೊಲ ಹೋದರೆ ಮೇವು ಕೊಳ್ಳಬೇಕು. ಮೇವು ಕೊಂಡು ಎರಡು ಹಸು ಸಾಕುವ ಮನೆಗೆ ಹಾಲಿನ ಬಟವಾಡೆಯಲ್ಲಿ ಉಳಿಯುವುದೆಷ್ಟು ಎಂಬುದನ್ನು ಯಾವ ಡೇರಿ ಕಾರ್ಯದರ್ಶಿಯನ್ನು ಕೇಳಿದರೂ ಹೇಳುತ್ತಾರೆ.

ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವುದು ಕರ್ನಾಟಕ, ಅದರಲ್ಲೂ ಈ ದಕ್ಷಿಣದ ಜಿಲ್ಲೆಗಳು. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಕೂಡಿಸಿ 'ಇಂಡಾಫ್' ತಳಿಗಳನ್ನು ಕೊಟ್ಟದ್ದು ಈ ಹೊಲಗಳಿಗೆ. ಹುಳ ಹತ್ತದೆ ವರ್ಷಗಟ್ಟಲೆ ಉಳಿಯುವ ಧಾನ್ಯ ಇದು. ಹಗೇವಿಗೆ ತುಂಬಿ ಬರಗಾಲಕ್ಕೆಂದು ಇಟ್ಟುಕೊಳ್ಳುತ್ತಿದ್ದ ಊರುಗಳು ಇಲ್ಲಿದ್ದವು. ಆಹಾರ ಭದ್ರತೆ ಎಂದು ಯಾರೂ ಅದನ್ನು ಕರೆಯಲಿಲ್ಲ, ಅಷ್ಟೇ.

ನೀರಾವರಿ ಇದ್ದಲ್ಲಿ ಚಿತ್ರ ಇನ್ನೂ ಬೇರೆ. ಚನ್ನರಾಯಪಟ್ಟಣದ ಸುತ್ತ ಕೊಳವೆಬಾವಿಯ ನೀರಿನಲ್ಲಿ ದ್ರಾಕ್ಷಿ, ಹಿಪ್ಪುನೇರಳೆ, ಹೂವು, ತರಕಾರಿ, ಸೊಪ್ಪು ಬೆಳೆಯುತ್ತವೆ, ಮಾವಿನ ತೋಪುಗಳಿವೆ. 'ಬೆಂಗಳೂರು ನೀಲಿ' ದ್ರಾಕ್ಷಿಗೂ ದೇವನಹಳ್ಳಿ ಚಕ್ಕೋತಕ್ಕೂ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಚಕ್ಕೋತಕ್ಕೆ ಪ್ರಮಾಣಪತ್ರ ಸಿಕ್ಕಿತು, ಚಕ್ಕೋತದ ತೋಟಗಳು ಹೋದವು. ಸುಮಾರು ನಾಲ್ಕು ಸಾವಿರ ಎಕರೆಯ ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಸುತ್ತಲಿನ ಜಮೀನಿನ ಬೆಲೆ ಹಣ್ಣಿನ ಮಾತನ್ನೇ ಮರೆಸಿತು. ನಾವು ತರಕಾರಿ ಕೊಳ್ಳುವ ಹಾಪ್‌ಕಾಮ್ಸ್ ಸಂಸ್ಥೆ ಹುಟ್ಟಿದ್ದೇ 1959ರಲ್ಲಿ ಈ ಭಾಗದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ, ತೋಟಗಾರಿಕೆಯ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಲ್ಲಿ. ಊರಿನ ಅಂಚಿನಲ್ಲೇ ಬೆಳೆದು, ಊರಿನೊಳಗೇ ಮಾರಿ, ದಲ್ಲಾಳಿಯ ಕೈಗೆ ಹೋಗುವ ಪಾಲನ್ನು ರೈತನಿಗೂ ಗ್ರಾಹಕನಿಗೂ ಹಂಚುವ ಏರ್ಪಾಡು ಅದು. ಊರಂಚಿನ ತೋಟಗಳಿಲ್ಲದೆ ಅಂಥ ಏರ್ಪಾಡಿಗೆ ಅರ್ಥವಿಲ್ಲ.

ಸೊಪ್ಪಿಗೆ ದೂರ ಆಗದು. ಬೆಳಗಿನ ಜಾವ ಕಿತ್ತ ದಂಟು, ಮೆಂತ್ಯ, ಸಬ್ಬಸಿಗೆ ಹೊತ್ತು ಏರುವುದರೊಳಗೆ ಮಾರುಕಟ್ಟೆ ಸೇರಬೇಕು. ತೋಟ ಮೂವತ್ತು ಕಿಲೋಮೀಟರಿನಿಂದ ನೂರೈವತ್ತಕ್ಕೆ ಸರಿದರೆ ಬಾಡಿದ್ದೆಷ್ಟು, ಡೀಸೆಲ್ ಎಷ್ಟು, ಕೈ ಬದಲಾದ ಮೇಲೆ ದರ ಎಷ್ಟು ಎಂಬುದೆಲ್ಲ ಕಟ್ಟಿನ ಬೆಲೆಗೆ ಸೇರುತ್ತದೆ. ಬೆಲೆ ಏರಿದಾಗ ಶ್ರೀಮಂತರು ಗೊಣಗುತ್ತಾರೆ, ಬಡವರು ಸೊಪ್ಪು ಬಿಡುತ್ತಾರೆ. 2023ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿದ್ದಕ್ಕೆ ಕಾರಣ ಹವಾಮಾನ ಮತ್ತು ರೋಗ, ಜಮೀನಿನ ನಷ್ಟವಲ್ಲ. ಆದರೆ ಕೋಲಾರದಂಥ ಒಂದೆರಡು ಕಡೆಯನ್ನೇ ನೆಚ್ಚಿಕೊಂಡ ನಗರಕ್ಕೆ ಆ ಒಂದೆರಡು ಕಡೆ ಎಡವಿದರೆ ಏನಾಗುತ್ತದೆ ಎಂಬುದನ್ನು ಆ ತಿಂಗಳು ತೋರಿಸಿತು.

ಎಷ್ಟು ಎಕರೆ ಎಂಬುದಲ್ಲ, ಯಾವ ಎಕರೆ

ನಗರಗಳು ಎಲ್ಲೆಂದರಲ್ಲಿ ಹುಟ್ಟಿದವಲ್ಲ. ನೀರು ನಿಲ್ಲುವಲ್ಲಿ, ಮಣ್ಣು ಒಳ್ಳೆಯದಿರುವಲ್ಲಿ ಊರು ಕಟ್ಟಿದರು. ಊರು ಬೆಳೆದು ಅದೇ ಮಣ್ಣನ್ನು ನುಂಗುತ್ತದೆ. ಬೆಂಗಳೂರಿನ ಹಳೆಯ ಕೆರೆಗಳ ಕೆಳಗೆಲ್ಲ ಗದ್ದೆಗಳಿದ್ದವು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ವರ್ತೂರು ಕೆರೆಯ ಅಚ್ಚುಕಟ್ಟು ಅಪಾರ್ಟ್‌ಮೆಂಟುಗಳಾಯಿತು. ಇದು ನಮ್ಮೊಬ್ಬರ ಕಥೆಯಲ್ಲ. 2017ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, 2030ರ ಹೊತ್ತಿಗೆ ನಗರಗಳು ಜಗತ್ತಿನ ಸಾಗುವಳಿ ಭೂಮಿಯ ಶೇ 1.8ರಿಂದ 2.4ರಷ್ಟನ್ನು ತಿಂದುಹಾಕುತ್ತವೆ ಎಂದು ಅಂದಾಜಿಸಿತು. ಕೇಳಲು ಪುಟ್ಟ ಅಂಕಿ. ಆದರೆ ಆ ನಷ್ಟದ ಶೇ 80ರಷ್ಟು ಏಷ್ಯಾ ಮತ್ತು ಆಫ್ರಿಕಾದಲ್ಲಿ ಆಗಲಿದೆ; ಅಲ್ಲಿ ಹೋಗುವ ಭೂಮಿಯಲ್ಲಿ ಬಹುಭಾಗದ ಇಳುವರಿ ಆಯಾ ದೇಶದ ಸರಾಸರಿಯ ಎರಡು ಪಟ್ಟಿಗಿಂತ ಹೆಚ್ಚು. ಹೊಸದಾಗಿ ಬಿತ್ತನೆಗೆ ಬಂದ ಒಂದು ಎಕರೆ ಕಲ್ಲು ನೆಲ, ಕಳೆದುಹೋದ ಒಂದು ಎಕರೆ ಕೆರೆಯಂಚಿನ ತೋಟ, ಎರಡೂ ಸರ್ಕಾರಿ ಕೋಷ್ಟಕದಲ್ಲಿ ಒಂದಕ್ಕೊಂದು ಸರಿ. 14 ಕೋಟಿ ಹೆಕ್ಟೇರ್ ಎಂಬ ಅಲುಗದ ಅಂಕಿಯ ಗುಟ್ಟಿನಲ್ಲಿ ಇದೂ ಒಂದು.

ಕೆರೆಯ ಗೋಡು ಹೊಡೆದು, ಕುರಿ ಮಂದೆ ನಿಲ್ಲಿಸಿ, ತಿಪ್ಪೆ ಗೊಬ್ಬರ ಚೆಲ್ಲಿ, ತಲೆಮಾರುಗಳು ಕಟ್ಟಿದ ಮೇಲ್ಮಣ್ಣು ಒಂದು ಗೇಣು. ಲೇಔಟ್ ಮಾಡುವವನ ಜೆಸಿಬಿ ಮೊದಲ ದಿನ ಹೆರೆದು ರಾಶಿ ಹಾಕುವುದು ಅದನ್ನೇ. ಆಮೇಲೆ ಜಲ್ಲಿ, ರೋಲರ್, ಡಾಂಬರು. ಇದು ಮರಳಿ ಬರುವ ದಾರಿಯಲ್ಲ ಎಂಬುದಕ್ಕೆ ಪಶ್ಚಿಮ ಬಂಗಾಳದ ಸಿಂಗೂರಿಗಿಂತ ಬೇರೆ ಸಾಕ್ಷಿ ಬೇಡ. 2006ರಲ್ಲಿ ಕಾರು ಕಾರ್ಖಾನೆಗೆಂದು ಅಲ್ಲಿ ಸುಮಾರು ಸಾವಿರ ಎಕರೆ ಹಿಡಿದರು, ಕಾರ್ಖಾನೆ ಗುಜರಾತಿಗೆ ಹೋಯಿತು. ಸ್ವಾಧೀನ ರದ್ದು ಮಾಡಿ ಜಮೀನು ಹಿಂದಿರುಗಿಸಿ ಎಂದು ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿತು. ಜಮೀನಿನ ಜೊತೆಗೆ ರೈತರಿಗೆ ಸಿಕ್ಕಿದ್ದು ಕಾಂಕ್ರೀಟಿನ ತುಂಡು, ಸುರಿದ ಬೂದಿ, ಅಳಿಸಿಹೋದ ಬದು. ಕಾಗದದಲ್ಲಿ ಮರಳಿದ ಹೊಲದ ಬಹುಭಾಗ ಮೊದಲಿನಂತೆ ಬೆಳೆಯಲಿಲ್ಲ.

ಕಟ್ಟಡ ಎದ್ದ ಜಾಗದಲ್ಲಿ ಮಾತ್ರ ಬೆಳೆ ನಿಲ್ಲುವುದಿಲ್ಲ. ನೂರು ಎಕರೆಯ ಯೋಜನೆ ಬರುತ್ತದೆಂಬ ಸುದ್ದಿಗೆ ಸಾವಿರ ಎಕರೆ ಬೀಳು ಬೀಳುತ್ತದೆ. ಮೊದಲು ಬ್ರೋಕರುಗಳ ಕಾರು, ಆಮೇಲೆ ಅಗ್ರಿಮೆಂಟು, ಆಮೇಲೆ ಕಲ್ಲುಕಂಬ ಮತ್ತು ತಂತಿಬೇಲಿ. ಕೊಂಡವನು ನಗರದವನು, ಅವನಿಗೆ ಹೊಲ ಬೇಡ, ಹತ್ತು ವರ್ಷದ ನಂತರದ ದರ ಬೇಕು. ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಈ ವ್ಯವಹಾರಕ್ಕೆ ಅಡ್ಡಿಯೂ ಉಳಿದಿಲ್ಲ. ಮೊದಲೂ ಕಳ್ಳದಾರಿ ಇತ್ತು, ನಿಜ, ಈಗ ಹೆದ್ದಾರಿ. ಇನ್ನೂ ಮಾರದ ರೈತನೂ ನಾಳೆ ಸ್ವಾಧೀನದ ನೋಟಿಸು ಬರಬಹುದೆಂಬ ಗುಮಾನಿಯಲ್ಲಿ ಹೊಸ ಗಿಡ ನೆಡುವುದಿಲ್ಲ, ಹನಿ ನೀರಾವರಿಗೆ ಸಾಲ ಮಾಡುವುದಿಲ್ಲ, ಬದು ಕಟ್ಟಿಸುವುದಿಲ್ಲ. ಐದು ವರ್ಷ ಫಸಲಿಗೆ ಕಾಯಬೇಕಾದ ಮಾವನ್ನು ಯಾವ ಧೈರ್ಯದ ಮೇಲೆ ನೆಡಬೇಕು? ಪಕ್ಕದ ಜಮೀನಿನಲ್ಲಿ ಲೇಔಟ್ ಎದ್ದಾಗ ರಾಜಕಾಲುವೆ ಮುಚ್ಚಿ ಕೆರೆಗೆ ನೀರು ಬರುವುದಿಲ್ಲ. ಗೋಮಾಳ ಹೋದರೆ ಕುರಿ ಮೇಯುವುದಿಲ್ಲ. ಸ್ವಾಧೀನದ ಅಂಕಿಯಲ್ಲಿ ಇದ್ಯಾವುದೂ ಸೇರುವುದಿಲ್ಲ.

ಮಾರುವ ರೈತನನ್ನು ದೂರಿ ಪ್ರಯೋಜನವಿಲ್ಲ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಎಂಟು ಕ್ವಿಂಟಲಿಗೆ 39,000 ಚಿಲ್ಲರೆ. ಉಳುಮೆ, ಗೊಬ್ಬರ, ಕೂಲಿ ಕಳೆದು ಉಳಿಯುವುದನ್ನು ಹೇಳಲು ನಾಚಿಕೆಯಾಗಬೇಕು. ಅದೇ ಎಕರೆಗೆ ಒಂದು ಕೋಟಿ ಬಂದರೆ ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ ಆರು ಲಕ್ಷ ಬಡ್ಡಿ ಉಣ್ಣಬಹುದು. ಈ ತಕ್ಕಡಿಯಲ್ಲಿ ಯಾವ ಬೆಳೆಯೂ ನಿಲ್ಲುವುದಿಲ್ಲ. ಆದರೂ ಚನ್ನರಾಯಪಟ್ಟಣದ ಬಹುಪಾಲು ರೈತರು ಮೂರು ವರ್ಷ ಮೀರಿ ಬೇಡವೆಂದರು. ಅವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿದಾರರು, ದಲಿತ ಕುಟುಂಬಗಳೂ ಬಹಳ. ಒಂದೆರಡು ಎಕರೆಯ ಪರಿಹಾರ ಅಣ್ಣತಮ್ಮಂದಿರ ನಡುವೆ ಹರಿದು, ಒಂದು ಮನೆ, ಒಂದು ಮದುವೆ, ಒಂದು ಕಾರಿನಲ್ಲಿ ಕರಗುವುದನ್ನು ವಿಮಾನ ನಿಲ್ದಾಣದ ಸುತ್ತಲಿನ ಹಳ್ಳಿಗಳಲ್ಲಿ ಅವರು ಕಣ್ಣಾರೆ ಕಂಡಿದ್ದರು. ಹೊಲವಿದ್ದಾಗ ರಾಗಿ, ಅವರೆ, ಹಾಲು, ಸೊಪ್ಪು ಕೊಳ್ಳದ ಕುಟುಂಬ ಹೊಲ ಹೋದ ಮರುದಿನದಿಂದ ಎಲ್ಲವನ್ನೂ ಕೊಳ್ಳಬೇಕು. ಬೆಳೆಯುತ್ತಿದ್ದ ಕೈ ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತರೆ ನಷ್ಟ ಇಮ್ಮಡಿ: ಒಂದು ಕಡೆ ಬೆಳೆ ಕಡಿಮೆ, ಇನ್ನೊಂದು ಕಡೆ ಉಣ್ಣುವ ಬಾಯಿ ಹೆಚ್ಚು. ಇನ್ನು ಜಮೀನೇ ಇಲ್ಲದ ಕೂಲಿಯವರು, ವಾರಕ್ಕೆ ಮಾಡುತ್ತಿದ್ದವರು, ಬಗರ್‌ಹುಕುಂನಲ್ಲಿ ಉಳುತ್ತ ಪಹಣಿಯಲ್ಲಿ ಹೆಸರಿಲ್ಲದವರು. ಅವರ ಪಾಲಿಗೆ ಪರಿಹಾರವೆಂಬುದೇ ಇಲ್ಲ ಎನ್ನುವಷ್ಟು ಕಡಿಮೆ.

ಈ ಜಮೀನುಗಳ ವಿರುದ್ಧವೂ ಒಂದು ಗಟ್ಟಿ ಮಾತಿದೆ. ಬೆಂಗಳೂರು ಗ್ರಾಮಾಂತರದ ಅಂತರ್ಜಲ ಮಿತಿಮೀರಿ ಬಳಕೆಯಾಗಿದೆ. ಸಾವಿರ ಅಡಿ ಕೊರೆದರೂ ನೀರು ಖಾತ್ರಿಯಿಲ್ಲ. ಸಾವಿರ ಅಡಿಯಿಂದ ಎತ್ತಿದ ನೀರಿನಲ್ಲಿ ಗುಲಾಬಿ, ದ್ರಾಕ್ಷಿ ಬೆಳೆಯುವುದು ಎಷ್ಟು ದಿನದ ಮಾತು? ಈ ಪ್ರಶ್ನೆಯನ್ನು ರೈತ ಸಂಘಟನೆಗಳು ತಪ್ಪಿಸಿಕೊಂಡು ಓಡಾಡುತ್ತವೆ, ಓಡಾಡಬಾರದು. ಅಂತರ್ಜಲ ಕುಸಿದಿದ್ದಕ್ಕೆ ಉತ್ತರ ಮಾತ್ರ ಹೊಲಕ್ಕೆ ಕಾಂಕ್ರೀಟು ಹಾಕುವುದಲ್ಲ, ಅದು ಇಂಗುವ ನೆಲವನ್ನೂ ಮುಚ್ಚುತ್ತದೆ. ಕೋಲಾರಕ್ಕೆ ಕೋರಮಂಗಲ–ಚಲ್ಲಘಟ್ಟ ಕಣಿವೆಯಿಂದ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರು ಗ್ರಾಮಾಂತರಕ್ಕೆ ಹೆಬ್ಬಾಳ–ನಾಗವಾರ ಕಣಿವೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೆರೆಗಳಿಗೆ ತುಂಬಿಸುತ್ತಿದ್ದಾರೆ. ನೀರಿನ ಗುಣಮಟ್ಟದ ಬಗ್ಗೆ, ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಬಗ್ಗೆ ತಕರಾರು ಇದೆ, ಆ ತಕರಾರು ಸರಿಯೂ ಹೌದು. ಆದರೆ ಕಾವೇರಿಯಿಂದ ನಗರ ತಂದುಕೊಂಡ ನೀರು ಎರಡನೇ ಸುತ್ತಿನಲ್ಲಿ ಹೊಲದ ಕಡೆ ಹೋಗುವ ಈ ದಾರಿ ತೆರೆದದ್ದೇ ದೊಡ್ಡದು. ಒಂದು ಕೈಯಲ್ಲಿ ನೂರಾರು ಕೋಟಿ ಸುರಿದು ಈ ಸೀಮೆಯ ಕೆರೆ ತುಂಬಿಸಿ, ಇನ್ನೊಂದು ಕೈಯಲ್ಲಿ ಆ ಕೆರೆಯ ಕೆಳಗಿನ ಜಮೀನನ್ನೇ ಕೈಗಾರಿಕೆಗೆ ಗುರುತಿಸುವುದು ಯಾವ ಜಾಣತನವೋ ನನಗಂತೂ ತಿಳಿಯದು.

ಕಾಯ್ದೆಯಲ್ಲಿ ಇರುವುದು, ಇಲ್ಲದ್ದು

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಆಹಾರ ಭದ್ರತೆಗೆಂದೇ ಒಂದು ಕಲಂ ಇದೆ, ಹತ್ತನೆಯದು. ನೀರಾವರಿ ಇರುವ, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬೆಳೆ ಬರುವ ಜಮೀನನ್ನು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಮಿತಿಯೊಳಗೆ ಹಿಡಿಯಬೇಕು. ಹಿಡಿದಷ್ಟೇ ಬಂಜರು ಭೂಮಿಯನ್ನು ಸಾಗುವಳಿಗೆ ತರಬೇಕು ಅಥವಾ ಅದಕ್ಕೆ ಸರಿಸಮನಾದ ಹಣ ಕಟ್ಟಬೇಕು ಎನ್ನುತ್ತದೆ. ಹೆದ್ದಾರಿ, ರೈಲು, ಕಾಲುವೆ, ವಿದ್ಯುತ್ ಮಾರ್ಗಗಳಿಗೆ ಈ ಕಟ್ಟಳೆ ಇಲ್ಲ. ಬಂಜರಿಗೆ ಬದಲಾಗಿ ತೋಟ ಎಂಬ ವಿನಿಮಯವೂ ನಗೆ ತರಿಸುವಂಥದ್ದು. ಆದರೂ ಕಲಂ ಅನ್ನುವುದೊಂದಿದೆ. ಕರ್ನಾಟಕದಲ್ಲಿ ಕೈಗಾರಿಕೆಗೆ ಜಮೀನು ಹಿಡಿಯುವುದು ಹೆಚ್ಚಾಗಿ 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯಡಿ. 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ. ಅಲ್ಲಿ ಬೆಳೆಯ ಮಾತಿಲ್ಲ. ಆ ಕಾಯ್ದೆ ಬಂದದ್ದು ಅಮೆರಿಕದ ಗೋಧಿ ಹಡಗಿಗೆ ದೇಶ ಕಾಯುತ್ತಿದ್ದ ವರ್ಷಗಳಲ್ಲಿ ಎಂಬುದು ವಿಚಿತ್ರ.

ಬೇರೆಯವರು ಏನು ಮಾಡಿದ್ದಾರೆ? ಚೀನಾ 180 ಕೋಟಿ ಮೂ, ಅಂದರೆ 12 ಕೋಟಿ ಹೆಕ್ಟೇರ್ ಸಾಗುವಳಿ ಭೂಮಿಗೆ ಕೆಂಪು ಗೆರೆ ಎಳೆದು ಅದರ ಕೆಳಗೆ ಇಳಿಯಬಾರದೆಂದಿತು. ತಮಿಳುನಾಡು 2020ರಲ್ಲಿ ಕಾವೇರಿ ಮುಖಜಭೂಮಿಯನ್ನು ಸಂರಕ್ಷಿತ ಕೃಷಿ ವಲಯ ಮಾಡಿತು. ಕೇರಳ 2008ರಲ್ಲಿ ಭತ್ತದ ಗದ್ದೆ ಮತ್ತು ಜೌಗು ಪ್ರದೇಶಗಳ ರಕ್ಷಣೆಗೆ ಕಾಯ್ದೆ ತಂದು, ಉಳಿದ ಗದ್ದೆಗಳ ಪಟ್ಟಿಯನ್ನು ಊರೂರಿಗೆ ಮಾಡಿಸಿತು. ಕೇರಳದ್ದು ಎಚ್ಚರಿಕೆಯ ಪಾಠವೂ ಹೌದು: 1970ರ ದಶಕದ ಆರಂಭದಲ್ಲಿ ಸುಮಾರು 8.75 ಲಕ್ಷ ಹೆಕ್ಟೇರ್ ಇದ್ದ ಭತ್ತದ ಭೂಮಿ ಎರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ಒಂದಷ್ಟು ರಬ್ಬರಿಗೆ, ತೆಂಗಿಗೆ ಹೋಯಿತು, ಒಂದಷ್ಟು ಮನೆಗಳಿಗೆ. ಈಗ ಅಲ್ಲಿನ ಅಕ್ಕಿಯೂ ತರಕಾರಿಯೂ ನೆರೆಯ ರಾಜ್ಯಗಳ ಲಾರಿಗಳಲ್ಲಿ ಬರುತ್ತವೆ, ನಮ್ಮ ಗುಂಡ್ಲುಪೇಟೆಯ ದಾರಿಯೂ ಅದರಲ್ಲಿ ಒಂದು. ಗಲ್ಫ್ ಹಣ ಇರುವವರೆಗೆ, ಕೊಡುವ ನೆರೆಯವರು ಇರುವವರೆಗೆ ಇದು ನಡೆಯುತ್ತದೆ. ಕೊಡುವ ನೆರೆಯವರು ನಾವೇ ಆಗಿರುವಾಗ ನಮಗೆ ಯಾರು ಕೊಡುತ್ತಾರೆ ಎಂಬುದನ್ನು ಯೋಚಿಸಬೇಕು.

ಚನ್ನರಾಯಪಟ್ಟಣದ ಗೆಲುವನ್ನು ಮುಗಿದ ಕಥೆ ಎನ್ನುವಂತಿಲ್ಲ. ಸ್ವಇಚ್ಛೆಯಿಂದ ಕೊಡುವವರಿದ್ದರೆ ಹೆಚ್ಚಿನ ಬೆಲೆಗೆ ಕೊಳ್ಳುತ್ತೇವೆ ಎಂದು ಮುಖ್ಯಮಂತ್ರಿ ಅಂದೇ ಹೇಳಿದ್ದರು. ಅತ್ತ ಬಿಡದಿಯ ಬೈರಮಂಗಲ, ಕಂಚುಗಾರನಹಳ್ಳಿಯ ಸುತ್ತ ಏಳು ಸಾವಿರ ಎಕರೆಗೂ ಮಿಕ್ಕ ಉಪನಗರದ ಯೋಜನೆ ರೈತರ ವಿರೋಧದ ನಡುವೆ ಮುಂದಿಟ್ಟಾಗಿದೆ. ತೆಂಗು, ಹಿಪ್ಪುನೇರಳೆ, ಹೈನುಗಾರಿಕೆಯ ಸೀಮೆ ಅದು. ನಾನು ಕಾರ್ಖಾನೆಯ ವಿರೋಧಿಯಲ್ಲ. ನಮ್ಮ ಮಕ್ಕಳಿಗೆ ಕೆಲಸ ಬೇಕು, ಎಲ್ಲರೂ ಎರಡು ಎಕರೆಯಲ್ಲಿ ಬದುಕಲಾಗದು. ಆದರೆ ಹಿಡಿದು ಹಂಚಿ ಖಾಲಿ ಬಿಟ್ಟಿರುವ ಕೈಗಾರಿಕಾ ನಿವೇಶನಗಳು ಕಣ್ಣೆದುರಿಗಿರುವಾಗ ಮೂರು ಬೆಳೆ ಬರುವ ಹೊಲವೇ ಏಕೆ ಎಂಬುದಕ್ಕೆ ಸರ್ಕಾರ ಉತ್ತರ ಕೊಡಬೇಕು. ರಸ್ತೆ, ನೀರು, ವಿಮಾನ ನಿಲ್ದಾಣ ಹತ್ತಿರ ಎಂಬುದು ಉದ್ಯಮಿಗೆ ಅನುಕೂಲದ ಉತ್ತರ, ನಾಡಿಗೆ ಅಲ್ಲ.

ಸರ್ಕಾರದ ಕೈಯಲ್ಲಿ ಇದಕ್ಕೆ ಬೇಕಾದ ಮಾಹಿತಿ ಈಗಾಗಲೇ ಇದೆ. ಪಹಣಿಯಲ್ಲಿ ಬೆಳೆಯ ಕಾಲಂ ಇದೆ. ಕೆಲವು ವರ್ಷಗಳಿಂದ ಹಂಗಾಮು ಹಂಗಾಮಿಗೆ ಮೊಬೈಲ್ ಆ್ಯಪ್‌ನಲ್ಲಿ ಫೋಟೊ ಸಮೇತ ಬೆಳೆ ಸಮೀಕ್ಷೆ ನಡೆಯುತ್ತಿದೆ. ಯಾವ ಸರ್ವೆ ನಂಬರಿನಲ್ಲಿ ರಾಗಿ, ಯಾವುದರಲ್ಲಿ ದ್ರಾಕ್ಷಿ ಎಂಬುದು ಕಂಪ್ಯೂಟರಿನಲ್ಲಿ ಕೂತಿದೆ. ಬೆಳೆ ವಿಮೆಗೆ, ಬೆಂಬಲ ಬೆಲೆಯ ಖರೀದಿಗೆ, ಬರ ಪರಿಹಾರಕ್ಕೆ ಅದನ್ನು ಬಳಸುತ್ತಾರೆ. 28(1)ರ ಅಧಿಸೂಚನೆ ಹೊರಡಿಸುವ ಮುನ್ನ ಮತ್ತು ಡಿಸಿ ಕನ್ವರ್ಷನ್‌ಗೆ ಸಹಿ ಬೀಳುವ ಮುನ್ನ, ಆ ಜಮೀನಿನ ಐದು ವರ್ಷದ ಬೆಳೆ, ಮೇವು, ಹಾಲಿನ ಲೆಕ್ಕವನ್ನು ಅದೇ ದಾಖಲೆಯಿಂದ ತೆಗೆದು ಗ್ರಾಮಸಭೆಯ ಮುಂದಿಟ್ಟು, ಪಂಚಾಯಿತಿಯ ಗೋಡೆಗೆ ಅಂಟಿಸಲಿ. ತೂಗಿ ನೋಡಿದ ಮೇಲೂ ಕಾರ್ಖಾನೆಯೇ ಬೇಕೆನಿಸಿದರೆ ಆಗಲಿ. ತೂಗದೆ ಕೊಡುವುದು ಬೇಡ. ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮ ಶಾಸಕರು ಊರಿಗೆ ಬಂದರೆ ಈ ಒಂದು ತಿದ್ದುಪಡಿಯನ್ನು ಕೇಳಿ, ಬರವಣಿಗೆಯಲ್ಲಿ ಕೇಳಿ.